ನಿಮಗಿದು ಗೊತ್ತೇ? ಆರು ಚುಕ್ಕೆಗೂ ಫೋನಿಗೂ ಗಂಟು

ಬ್ರೈಲ್ ನೋಟ್‌ಟೇಕರ್‌ಗೆ ಅಂದರೆ ಕಣ್ಣು ಕಾಣದವರು ಟಿಪ್ಪಣಿ ಬರೆದುಕೊಳ್ಳುವ ಯಂತ್ರಕ್ಕೆ, ಪರದೆ ಇರಲೇಬೇಕೆಂದಿಲ್ಲ. ಚುಕ್ಕೆಗೊಂದರಂತೆ ಆರು ಕೀಲಿ, ನಡುವೆ ಸ್ಪೇಸ್, ಮುಂದೆ ಒಂದೇ ಒಂದು ಸಾಲು ಮನೆಗಳು. ಸೆಲ್ ಅನ್ನುತ್ತಾರೆ, ಚೌಕಾಬಾರ ಆಡಿದವರಿಗೆ ಮನೆ ಅಂದರೇ ಸಲೀಸು. ಮನೆಯೊಳಗಿನ ಚುಕ್ಕೆಗಳು ಎದ್ದು ನಿಲ್ಲುತ್ತವೆ, ಬೆರಳು ಸಾಲು ಮುಗಿಸಿ ಕೀಲಿ ಒತ್ತಿದರೆ ಮುಂದಿನ ಸಾಲಾಗಿ ಮತ್ತೆ ಏಳುತ್ತವೆ.

ಆ ಚುಕ್ಕೆಯನ್ನು ಎಬ್ಬಿಸುವುದು ಮೋಟಾರಲ್ಲ, ಪೀಜೋ ಸೆರಾಮಿಕ್ ಪಟ್ಟಿ. ಸುಮಾರು 200 ವೋಲ್ಟ್ ಕೊಟ್ಟರೆ ಪಟ್ಟಿ ತುಸುವೇ ಬಾಗುತ್ತದೆ, ತುದಿಯ ಕಡ್ಡಿ ಮೇಲೇಳುತ್ತದೆ. ಹೆದರಬೇಡಿ, ಹರಿಯುವ ಕರೆಂಟು ತೀರಾ ಅಲ್ಪ. ಆದರೆ ಒಂದು ಚುಕ್ಕೆಗೆ ಒಂದು ಪಟ್ಟಿ. ಕಂಪ್ಯೂಟರ್ ಬ್ರೈಲ್‌ಗೆ ಮನೆಗೆ ಎಂಟು ಚುಕ್ಕೆ ಬೇಕು, 40 ಮನೆಯೆಂದರೆ 320 ಪಟ್ಟಿ. ಯಂತ್ರ ಇಷ್ಟು ದುಬಾರಿ ಯಾಕೆ ಅಂತ ಕೇಳುವವರಿಗೆ ಉತ್ತರದ ಬಹುಪಾಲು ಇಲ್ಲೇ ಇದೆ.

1987ರಲ್ಲಿ ಅಮೆರಿಕದ ಡೀನ್ ಬ್ಲೇಜಿ ಅವರ ಕಂಪನಿ ತಂದ 'ಬ್ರೈಲ್ ಎನ್ ಸ್ಪೀಕ್'ನಲ್ಲಿ ಏಳುವ ಚುಕ್ಕೆ ಒಂದೂ ಇರಲಿಲ್ಲ! ಬ್ರೈಲಿನಲ್ಲಿ ಬರೆಯಬೇಕು, ಯಂತ್ರ ಬಾಯಿಬಿಟ್ಟು ಓದಿ ಹೇಳಬೇಕು. ಬರೆದದ್ದು ಕಂಪ್ಯೂಟರಿಗೆ ಹೋಗಬೇಕಾದರೆ ಸೀರಿಯಲ್ ಕೇಬಲ್. ಅದಕ್ಕೂ ಮೊದಲಿನ ವರ್ಸಾಬ್ರೈಲ್ ಯಂತ್ರ ಬರಹವನ್ನು ಕೂಡಿಡುತ್ತಿದ್ದದ್ದು ಹಾಡು ಕೇಳುವ ಕ್ಯಾಸೆಟ್ಟಿನಲ್ಲಿ.

ಮುಂದೆ 2000ದಲ್ಲಿ ಬಂದ ನೋಟ್‌ಟೇಕರ್ ಬ್ರೈಲ್‌ನೋಟ್ ನಡೆಯುತ್ತಿದ್ದದ್ದು ವಿಂಡೋಸ್ ಸಿಇ ಮೇಲೆ. 2016ರ ಬ್ರೈಲ್‌ನೋಟ್ ಟಚ್‌ನ ಹೊಟ್ಟೆಯಲ್ಲಿ ಆಂಡ್ರಾಯ್ಡ್.

ಈಗ ಗೊಂದಲದ ವಿಷಯಕ್ಕೆ ಬರೋಣ. 'ಸಿಂಕ್' ಅನ್ನುವ ಒಂದು ಪದದ ಕೆಳಗೆ ಎರಡು ಬೇರೆ ಕೆಲಸಗಳಿವೆ. ಮೊದಲನೆಯದು ಸಾಮಾನು ಸಾಗಿಸುವುದು: ಫೈಲು, ಫೋನ್ ನಂಬರು, ಕ್ಯಾಲೆಂಡರು ಯುಎಸ್‌ಬಿಯಲ್ಲೋ, ಎಸ್‌ಡಿ ಕಾರ್ಡಿನಲ್ಲೋ, ಗೂಗಲ್ ಡ್ರೈವ್‌ನಂಥ ಕಡೆಯಿಂದಲೋ ಇತ್ತಿಂದತ್ತ ಹೋಗುತ್ತವೆ. ಎರಡನೆಯದು ಟರ್ಮಿನಲ್ ಮೋಡ್. ಇದರಲ್ಲಿ ನೋಟ್‌ಟೇಕರ್ ತನ್ನ ಬುದ್ಧಿಯನ್ನು ಪಕ್ಕಕ್ಕಿಟ್ಟು ಫೋನಿನ ಕೀಲಿಮಣೆಯೂ ಮುಖವೂ ಆಗಿಬಿಡುತ್ತದೆ. ಯೋಚಿಸುವುದೆಲ್ಲ ಫೋನಿನ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ. ಆಗ ಬರೆದ ಟಿಪ್ಪಣಿ ಉಳಿಯುವುದೂ ಫೋನಿನಲ್ಲೇ. ಹೊಸಬರು ಅದನ್ನು ನೋಟ್‌ಟೇಕರ್‌ನಲ್ಲಿ ಹುಡುಕಿ, ಸಿಗದೆ, ಯಂತ್ರ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಯಂತ್ರದ ತಪ್ಪೇನಿಲ್ಲ.

ಇಮೇಲ್‌ನದೂ ಇಂಥದೇ ಕಥೆ. ಪಾಪ್ ವಿಧಾನದಲ್ಲಿ ಹಾಕಿಕೊಂಡರೆ ನೋಟ್‌ಟೇಕರ್‌ಗೆ ಇಳಿದ ಪತ್ರ ಸರ್ವರ್‌ನಿಂದ ಮಾಯವಾಗಿರಬಹುದು. ಐಮ್ಯಾಪ್ ಆದರೆ ಇಲ್ಲಿ ಓದಿದ್ದು ಅಲ್ಲೂ ಓದಿದ ಹಾಗೆಯೇ ಕಾಣುತ್ತದೆ. ಮೂರು ಯಂತ್ರ ಇಟ್ಟುಕೊಂಡವರು ಐಮ್ಯಾಪ್‌ಗೆ ಹೋಗುವುದೇ ಸರಿ.

ಐಫೋನಿಗೆ ಜೋಡಿಸಲು ಎಲ್ಲರೂ ಮೊದಲು ಓಡುವುದು ಬ್ಲೂಟೂತ್ ಮೆನುವಿಗೆ. ದಾರಿ ಅದಲ್ಲ. ಆಕ್ಸೆಸಿಬಿಲಿಟಿ, ವಾಯ್ಸ್‌ಓವರ್ (ಐಫೋನಿನ ಸ್ಕ್ರೀನ್ ರೀಡರ್), ಅದರೊಳಗಿನ ಬ್ರೈಲ್: ಪೇರ್ ಮಾಡಬೇಕಾದದ್ದು ಅಲ್ಲಿ. ಐಫೋನ್ ಬ್ಲೂಟೂತ್ ಬ್ರೈಲ್ ಡಿಸ್‌ಪ್ಲೇಗಳನ್ನು (ಚುಕ್ಕೆ ಏಳುವ ಮನೆಗಳ ಸಾಲುಗಳನ್ನು) 2010ರ ಐಓಎಸ್ 4ರಿಂದಲೇ ಒಪ್ಪಿಕೊಂಡಿದೆ.

ಪ್ರತಿ ಕಂಪನಿಯ ಡಿಸ್‌ಪ್ಲೇಗೂ ಬೇರೆ ಬೇರೆ ಡ್ರೈವರ್ ಹುಡುಕುವ ಕಾಟ ತಪ್ಪಿಸಲು ಯುಎಸ್‌ಬಿ ಸಂಸ್ಥೆ 2018ರಲ್ಲಿ ಬ್ರೈಲ್‌ಗೆಂದೇ ಒಂದು ಎಚ್‌ಐಡಿ ಮಾನದಂಡ ಪ್ರಕಟಿಸಿತು. ಮೌಸು, ಕೀಬೋರ್ಡು ಚುಚ್ಚಿದೊಡನೆ ಕೆಲಸ ಮಾಡುವುದು ಇಂಥದೇ ಒಪ್ಪಂದದಿಂದ. ಆಂಡ್ರಾಯ್ಡ್‌ಗೆ ಅದು ಪೂರ್ತಿಯಾಗಿ ದಕ್ಕಲು 2024ರ ಆಂಡ್ರಾಯ್ಡ್ 15ರ ತನಕ ಕಾಯಬೇಕಾಯಿತು. ತಡ ಅಂದರೆ ತಡವೇ.

ಫೋಕಸ್ 40 ಬ್ಲೂ ಐದನೇ ಪೀಳಿಗೆಯ ಡಿಸ್‌ಪ್ಲೇ ಬ್ಲೂಟೂತ್‌ನಲ್ಲಿ ಐದು, ಯುಎಸ್‌ಬಿಯಲ್ಲಿ ಒಂದು, ಹೀಗೆ ಆರು ಯಂತ್ರಗಳ ನಂಟು ಇಟ್ಟುಕೊಳ್ಳಬಲ್ಲದು. ಮಾತು ಮಾತ್ರ ಒಂದು ಸಲಕ್ಕೆ ಒಂದರ ಜೊತೆ.

ವಾಯ್ಸ್‌ಓವರ್‌ಗೆ ಸ್ಪೇಸ್ ಜೊತೆ 1-2-5 ಚುಕ್ಕೆಗಳ ಕೀಲಿ ಒತ್ತಿದರೆ ಹೋಮ್ ಪರದೆ, 1-3-4 ಒತ್ತಿದರೆ ಫೋನಿನ ಬಾಯಿ ಬಂದ್. ಮೊದಲನೆಯದು ಬ್ರೈಲಿನ ಎಚ್, ಎರಡನೆಯದು ಎಂ, ಹೋಮ್ ಮತ್ತು ಮ್ಯೂಟ್ ಅಂತ ನೆನಪಿಟ್ಟರಾಯಿತು. ಸ್ಕ್ರೀನ್ ಕರ್ಟನ್ ಹಾಕಿದರೆ ಪರದೆಯೂ ಕಪ್ಪು. ಬಸ್ಸಿನಲ್ಲಿ ಪಕ್ಕದವರು ಎಷ್ಟೇ ಕತ್ತು ಚಾಚಿದರೂ ಬೆರಳಡಿಯ ಮೆಸೇಜು ಅವರಿಗೆ ದಕ್ಕದು. ಕಣ್ಣಿದ್ದವರಿಗೆ ಈ ಭಾಗ್ಯ ಇಲ್ಲ ನೋಡಿ!

ಇನ್ನು ನಮ್ಮ ಕನ್ನಡ. ಭಾರತದ ಭಾಷೆಗಳಿಗೆಲ್ಲ ಒಂದೇ ಚೌಕಟ್ಟಿನ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಅದರಲ್ಲಿ 'ಕ' ಅಂದರೆ 1-3, ಇಂಗ್ಲಿಷಿನ ಕೆ ಅಕ್ಷರಕ್ಕೂ ಅದೇ 1-3. ಚುಕ್ಕೆಗೆ ಭಾಷೆಯಿಲ್ಲ, ಯಾವ ಚುಕ್ಕೆ ಯಾವ ಅಕ್ಷರ ಎಂದು ಕೋಷ್ಟಕ ಹೇಳಿದ್ದೇ ಭಾಷೆ. ಗುಣಿತಾಕ್ಷರವೂ ಇಲ್ಲ, 'ಕಿ' ಬರೆಯಲು 'ಕ' ಆಮೇಲೆ 'ಇ'. ಅಚ್ಚಿನಲ್ಲಿ ಮೂರೇ ಅಕ್ಷರದ 'ಮೈಸೂರು' ಬ್ರೈಲಿನಲ್ಲಿ ಆರು ಮನೆ ಹಿಡಿಯುತ್ತದೆ. 20 ಮನೆಯ ಡಿಸ್‌ಪ್ಲೇಯಲ್ಲಿ ನಡುವೆ ಜಾಗ ಬಿಟ್ಟು ಮೂರು ಸಲ 'ಮೈಸೂರು' ಬರೆದರೆ ಸಾಲು ಭರ್ತಿ. ಒತ್ತಕ್ಷರ ಕೆಳಗೆ ನೇತಾಡುವುದಿಲ್ಲ. ಒತ್ತು ಬರುತ್ತದೆಂಬ ಸೂಚನೆಯಾಗಿ 4ನೇ ಚುಕ್ಕೆ ಮುಂಚೆಯೇ ಬಂದು ನಿಲ್ಲುತ್ತದೆ. ಹಾಗಾಗಿ 'ಕನ್ನಡ'ಕ್ಕೆ ಐದು ಮನೆ: ಕ, 4ನೇ ಚುಕ್ಕೆ, ನ, ನ, ಡ.

ಈ ಲೆಕ್ಕವೆಲ್ಲ ನಡೆಯುವುದು ಸ್ಕ್ರೀನ್ ರೀಡರ್‌ನಲ್ಲಿ. ವಿಂಡೋಸ್‌ನ ಉಚಿತ ಎನ್‌ವಿಡಿಎ ಇದಕ್ಕೆ ಬಳಸುವ ಲಿಬ್‌ಲೂಯಿ ಕೋಷ್ಟಕಗಳಲ್ಲಿ ಕನ್ನಡವೂ ಇದೆ. ಇಂಗ್ಲಿಷ್ ಕೋಷ್ಟಕವನ್ನೇ ಇಟ್ಟುಕೊಂಡು ಕನ್ನಡ ಫೈಲು ತೆರೆದರೆ 'ಕ' ಇರಬೇಕಾದಲ್ಲಿ ಅದರ ಯುನಿಕೋಡ್ ಸಂಖ್ಯೆ ಬೆರಳಿಗೆ ಚುಚ್ಚುತ್ತದೆ: ಸೊನ್ನೆ, ಸಿ, ಒಂಬತ್ತು, ಐದು. 20 ಮನೆಯ ಸಾಲಾದರೆ ಒಂದು ಅಕ್ಷರಕ್ಕೆ ಸುಮಾರು ಅರ್ಧ ಸಾಲು ಖರ್ಚು. ಇನ್ನೊಂದು ಬಲೆಯೂ ಇದೆ. ಓದುವ ಕೋಷ್ಟಕ ಬೇರೆ, ಬರೆಯುವ ಕೋಷ್ಟಕ ಬೇರೆ. ಒಂದನ್ನೇ ಬದಲಿಸಿದರೆ ಕನ್ನಡ ಓದುತ್ತೀರಿ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ.

ಕೊನೆಗೊಂದು ಎಚ್ಚರಿಕೆ. ಬ್ರೈಲ್ ಪುಸ್ತಕಗಳು ಹೆಚ್ಚಾಗಿ ಬಿಆರ್‌ಎಫ್ ಫೈಲಾಗಿ ಬರುತ್ತವೆ. ಅದರಲ್ಲಿ ಒಂದೊಂದು ಮನೆಗೂ ಕೀಬೋರ್ಡಿನ ಒಂದೊಂದು ಚಿಹ್ನೆ. ಕನ್ನಡದ ಬಿಆರ್‌ಎಫ್ ಅನ್ನು ಫೋನಿನಲ್ಲೋ ನೋಟ್‌ಪ್ಯಾಡಿನಲ್ಲೋ ತೆರೆದರೆ 'ಕನ್ನಡ' ಅನ್ನುವ ಪದ ಕಾಣುವುದು ಹೀಗೆ: ಕೆ, ಇಮೇಲ್ ವಿಳಾಸದ ಆಟ್ ಚಿಹ್ನೆ, ಎರಡು ಎನ್, ಆಮೇಲೆ ಡಾಲರ್ ಗುರುತು. ಮನೆಯಲ್ಲಿ ಕಣ್ಣು ಕಾಣುವವರು ಯಾರಾದರೂ ಇದನ್ನು ನೋಡಿ 'ಫೈಲು ಹಾಳಾಗಿದೆ' ಅಂದು ಅಳಿಸಲು ಹೊರಟರೆ ಕೈ ಹಿಡಿದು ತಡೆಯಿರಿ. ನೋಟ್‌ಟೇಕರ್‌ಗೆ ಹಾಕಿದರೆ ಬೆರಳಡಿಗೆ ಬರುವುದು ಅಚ್ಚ ಕನ್ನಡವೇ.