ಹಳೇ ಕಂಪ್ಯೂಟರಿಗೆ ಹೊಸ ಜ್ಞಾಪಕಶಕ್ತಿ

ಆದವಾನಿ ಹತ್ತಿ ವ್ಯಾಪಾರದ ಊರು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಊರಿನ ಮಂಡಿಗಳಲ್ಲಿ ದರ ತೆಲುಗಿನಲ್ಲಿ ಕೇಳಿದರೂ ಸುಖದುಃಖ ಕನ್ನಡದಲ್ಲಿ ಮಾತಾಡುವವರು ಇಂದಿಗೂ ಇದ್ದಾರೆ. ಕಿರ್ದಿ, ಖತಾವಣಿಗಳ ಜಾಗಕ್ಕೆ ಕಂಪ್ಯೂಟರ್ ಬಂದು ಬಹಳ ವರ್ಷವಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬಂದ ಮೇಲಂತೂ ಅದಿಲ್ಲದೆ ಅಂಗಡಿಯ ಲೆಕ್ಕ ನಡೆಯದು. ಆದರೆ ಹತ್ತು ಹನ್ನೆರಡು ವರ್ಷದ ಹಿಂದೆ ಕೊಂಡ ಯಂತ್ರಗಳು ಈಗ ಮುಗ್ಗರಿಸುತ್ತಿವೆ. ಸುಗ್ಗಿಯಲ್ಲಿ ಒಂದು ಚೀಟಿ ಹೊರಬರಲು ಹತ್ತು ನಿಮಿಷವಾದರೆ, ತೂಕ ಮುಗಿಸಿ ನಿಂತ ರೈತನಿಗೆ ಊರಿನ ಕೊನೇ ಬಸ್ಸು ತಪ್ಪುತ್ತದೆ.

ನನಗೆ ಪರಿಚಯದ ದಲಾಲಿ ಅಂಗಡಿಯೊಂದರಲ್ಲಿ ಇದೇ ತೊಂದರೆ. “ಶೆಟ್ರೇ, ಇದು ಮುದಿ ಎತ್ತು. ಎತ್ತಾಕಿ ಹೊಸದು ತಗೊಳ್ರಿ” ಎಂದು ಮಾರುವವನೊಬ್ಬ ಹೇಳಿ ಹೋಗಿದ್ದ. ಹೊಸದು ಕೊಳ್ಳಲು ಆ ವರ್ಷ ಶೆಟ್ಟರ ಕೈಯಲ್ಲಿ ರೊಕ್ಕವಿರಲಿಲ್ಲ. “ನೀವೊಮ್ಮೆ ನೋಡ್ರಿ” ಎಂದರು. ಪೆಟ್ಟಿಗೆ ಬಿಚ್ಚಿ ನೋಡಿದೆ. ಯಂತ್ರ ಗಟ್ಟಿಯಾಗೇ ಇತ್ತು. ಕಡಿಮೆಯಿದ್ದದ್ದು ಜ್ಞಾಪಕಶಕ್ತಿ, ಅಂದರೆ ರ‍್ಯಾಮ್: ಬರೀ 2 ಜಿಬಿ.

ರ‍್ಯಾಮ್ ಎಂದರೇನು? ಗುಮಾಸ್ತರ ಮುಂದಿನ ಮೇಜು ಅನ್ನಿ. ಹಾರ್ಡ್ ಡಿಸ್ಕ್ ಎಂಬುದು ಹಿಂದಿನ ಬೀರು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆರೆಯಲು ಇನ್ನೊಂದನ್ನು ಬೀರಿಗೆ ಇಟ್ಟು ಬರಬೇಕು. ಕಂಪ್ಯೂಟರ್ ತೆವಳುವುದು ಈ ಓಡಾಟದಿಂದ. ಲೆಕ್ಕದ ತಂತ್ರಾಂಶ, ಜಿಎಸ್‌ಟಿ ಜಾಲತಾಣ, ಪ್ರಿಂಟರ್ ಮೂರೂ ಒಟ್ಟಿಗೆ ನಡೆದರೆ 2 ಜಿಬಿ ಎಲ್ಲಿಗೂ ಸಾಲದು.

ಆದರೆ ರೊಕ್ಕ ಹಾಕುವ ಮೊದಲು ರೋಗ ಇದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಯಂತ್ರ ತೆವಳುವ ಹೊತ್ತಿಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಮೆಮೊರಿ ನೂರಕ್ಕೆ ತೊಂಬತ್ತು ದಾಟಿದ್ದರೆ ಕೊರತೆ ರ‍್ಯಾಮಿನದೇ. ಮೆಮೊರಿ ಅರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ನೂರಕ್ಕೆ ನೂರು ಇದ್ದರೆ ರ‍್ಯಾಮ್ ಹಾಕಿ ಫಲವಿಲ್ಲ. ಆಗ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವುದೇ ಮದ್ದು.

ಮುಂದಿನದು ಜಾತಿ. ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರದು. ಪಟ್ಟಿಯ ಕೆಳಗಿನ ಕಚ್ಚು ಒಂದೊಂದರಲ್ಲಿ ಒಂದೊಂದು ಕಡೆ ಇರುತ್ತದೆ. ಒತ್ತಾಯ ಮಾಡಿದರೆ ಬೋರ್ಡೇ ಹಾಳು. 2010ರ ನಂತರ ನಾಲ್ಕೈದು ವರ್ಷ ಮಾರಾಟವಾದ ಡೆಸ್ಕ್‌ಟಾಪುಗಳಲ್ಲಿ ಹೆಚ್ಚಿನವು ಡಿಡಿಆರ್3. ಹಳೇ ಪಟ್ಟಿಯನ್ನೇ ಅಂಗಡಿಗೆ ಒಯ್ದು ತೋರಿಸುವುದು ಒಳ್ಳೇದು. ಸರ್ವರುಗಳಿಂದ ತೆಗೆದ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ, ಆದರೆ ಅವು ಸಾಮಾನ್ಯ ಡೆಸ್ಕ್‌ಟಾಪಿಗೆ ಹೊಂದುವುದಿಲ್ಲ. ‘ಎಎಂಡಿಗೆ ಮಾತ್ರ’ ಎಂದು ಬರೆದದ್ದನ್ನು ಇಂಟೆಲ್ ಯಂತ್ರಕ್ಕೆ ತರಬೇಡಿ.

ಬೋರ್ಡಿಗೂ ಮಿತಿ ಇದೆ. ಜಿ41 ಚಿಪ್‌ಸೆಟ್ಟಿನದು 8 ಜಿಬಿಗೆ ನಿಲ್ಲುತ್ತದೆ, ಎಚ್61 ಚಿಪ್‌ಸೆಟ್ಟಿನದು 16 ಜಿಬಿವರೆಗೆ ತಡೆಯುತ್ತದೆ. ಜೊತೆಗೆ ವಿಂಡೋಸ್ 32 ಬಿಟ್ಟಿನದಾದರೆ 4 ಜಿಬಿಗಿಂತ ಹೆಚ್ಚು ಹಾಕಿದ್ದು ದಂಡ. ಶೆಟ್ಟರ ಯಂತ್ರದ ಬೋರ್ಡು ಎಚ್61, ವಿಂಡೋಸ್ 64 ಬಿಟ್. ಎರಡು ಗೂಡಿನಲ್ಲಿ ಒಂದು ಖಾಲಿಯಿತ್ತು. ಅದಕ್ಕೆ 4 ಜಿಬಿ ಪಟ್ಟಿ ಕೂರಿಸಿದೆವು. ಒಟ್ಟು 6 ಜಿಬಿ ಆಯಿತು.

ಕೂರಿಸುವ ಕೆಲಸ ಕಾಲು ಗಂಟೆಯದು. ಮೊದಲು ಲೆಕ್ಕದ ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡೆವು. ಇದನ್ನು ಮಾತ್ರ ಯಾರೂ ಮರೆಯಬಾರದು. ಆಮೇಲೆ ಕರೆಂಟಿನ ವೈರು ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಿ, ಪೆಟ್ಟಿಗೆಯ ಬರೀ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡೆ. ಹತ್ತಿಯ ಎಳೆ ಬೆರೆತ ಧೂಳು ಒಳಗೆ ಗೇಣುದ್ದ! ಮೆತ್ತನೆ ಬ್ರಷ್ಷಿನಿಂದ ಗುಡಿಸಿದೆ. ಹಳೇ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಒರೆಸಿದೆ. ಹೊಸ ಪಟ್ಟಿಯ ಕಚ್ಚು ನೋಡಿ, ಎರಡೂ ತುದಿ ಸಮನಾಗಿ ಒತ್ತಿದಾಗ ಕೊಂಡಿ ‘ಟಕ್’ ಎಂದು ಬಿತ್ತು. ಯಂತ್ರ ಚಾಲೂ ಆಗದೆ ಬೀಪ್ ಬೀಪ್ ಎಂದು ಕೂಗಿದರೆ ಗಾಬರಿ ಬೇಡ. ಹೆಚ್ಚಿನ ಸಲ ಪಟ್ಟಿ ಸರಿಯಾಗಿ ಕೂತಿರುವುದಿಲ್ಲ, ತೆಗೆದು ಮತ್ತೆ ಕೂರಿಸಿದರಾಯಿತು.

ಕಂಪ್ಯೂಟರ್ ಹಾರಲಿಲ್ಲ, ಆದರೆ ನಡೆಯಿತು. ಚೀಟಿ ಕೇಳಿದ ಕೂಡಲೇ ಬಂತು. “ಪರ್ವಾಗಿಲ್ಲಪ್ಪಾ, ಮುದಿ ಎತ್ತಿಗೆ ಮೇವೇ ಹಾಕಿರಲಿಲ್ಲ ನಾವು!” ಎಂದು ಶೆಟ್ಟರು ನಕ್ಕರು.

ಎಲ್ಲ ಹಳೇ ಯಂತ್ರಕ್ಕೂ ಖರ್ಚು ಮಾಡಿರೆಂದು ನಾನು ಹೇಳಲಾರೆ. ಡಿಡಿಆರ್2 ಕಾಲದ್ದಾದರೆ ಬಿಟ್ಟುಬಿಡುವುದೇ ಲೇಸು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಚ್61 ಕಾಲದ ಯಂತ್ರಗಳು ವಿಂಡೋಸ್ 11ರ ಅರ್ಹ ಪಟ್ಟಿಯಲ್ಲಿಲ್ಲ. ಆದ್ದರಿಂದ ಬ್ಯಾಂಕಿನ ವ್ಯವಹಾರಕ್ಕೆ ಬೇರೆ ಹೊಸ ಯಂತ್ರವಿದ್ದರೆ ಕ್ಷೇಮ, ಇಲ್ಲವೇ ಇದಕ್ಕೇ ಲಿನಕ್ಸ್ ಹಾಕಿಸಬಹುದು. 2025ರ ಕೊನೆಗೆ ರ‍್ಯಾಮ್ ದರವೂ ಏರಿತು. ಎರಡು ಮೂರು ಅಂಗಡಿ ವಿಚಾರಿಸಿ, ರಸೀದಿ ಪಡೆದು, ಗ್ಯಾರಂಟಿ ಎಷ್ಟು ವರ್ಷವೆಂದು ಅದರ ಮೇಲೇ ಬರೆಸಿಕೊಳ್ಳಿ. ಹತ್ತಿ ಮಾರುವಾಗ ಅರಳೆ ಹಿಂಜಿ ನೋಡುವ ನಾವು, ಎಸೆಯಿರಿ ಎಂದವರ ಮಾತಿಗೆ ಪೆಟ್ಟಿಗೆ ಬಿಚ್ಚದೆ ತಲೆಯಾಡಿಸಬೇಕಾಗಿಲ್ಲ.