ಮನೆಯ ಉಪಯೋಗಕ್ಕೆ ಸರಪಣಿ ಗರಗಸ: ಅದನ್ನು ಆರಿಸುವ ಕ್ರಮ

ತೋಟವುಳ್ಳ ಮನೆಯಲ್ಲಿ ಕೊಡಲಿ, ಮಚ್ಚು, ಕೈಗರಗಸಗಳು ಹಿಂದಿನಿಂದಲೂ ಇರುವ ಸಾಮಗ್ರಿಗಳು. ಈಚೆಗೆ ಅವುಗಳ ಸಾಲಿಗೆ ಪೆಟ್ರೋಲಿನಿಂದ ನಡೆಯುವ ಸರಪಣಿ ಗರಗಸವೂ ಬಂದು ಸೇರಿದೆ. ಜನರು ಇದನ್ನು ‘ಚೈನ್ ಸಾ’ ಎಂದೋ ‘ಮರ ಕೊಯ್ಯುವ ಮಿಷನ್’ ಎಂದೋ ಕರೆಯುವರು. ಇಬ್ಬರು ಆಳುಗಳು ಬಹಳ ಹೊತ್ತು ಎಳೆದಾಡಬೇಕಾದ ದಿಮ್ಮಿಯನ್ನು ಈ ಯಂತ್ರವು ಕೆಲವು ನಿಮಿಷಗಳಲ್ಲಿ ತುಂಡರಿಸುತ್ತದೆ. ಎಚ್ಚರ ತಪ್ಪಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಡಿದವನ ತೊಡೆಯನ್ನೂ ಸೀಳುತ್ತದೆ. ಆದುದರಿಂದ ಇದನ್ನು ಕೊಳ್ಳುವ ಗೃಹಸ್ಥನು ಬೆಲೆಯೊಂದನ್ನೇ ನೋಡದೆ, ತನ್ನ ಮರಗಳ ದಪ್ಪವನ್ನೂ ತನ್ನ ತೋಳಿನ ಬಲವನ್ನೂ ನೋಡಿ ಆರಿಸತಕ್ಕದ್ದು. ಆ ಕ್ರಮವನ್ನು ಇಲ್ಲಿ ವಿವರಿಸುವೆವು.

ನಮ್ಮ ಸೀಮೆಯ ಅಗತ್ಯ

ಚಿತ್ರದುರ್ಗದ ಸೀಮೆಯು ಮಳೆ ಕಡಮೆಯಾದ ನಾಡು. ಆದರೂ ಹೊಸದುರ್ಗದಲ್ಲಿ ತೆಂಗು, ಹೊಳಲ್ಕೆರೆಯಲ್ಲಿ ಅಡಕೆ, ಹಿರಿಯೂರಿನಲ್ಲಿ ವಾಣಿವಿಲಾಸಸಾಗರದ ನಾಲೆಗಳ ಕೆಳಗೆ ಎರಡೂ ಬೆಳೆದಿವೆ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಣ 89 ವರ್ಷಗಳಲ್ಲಿ ಎಷ್ಟೋ ಬರಗಾಲಗಳು ಬಂದುಹೋದುವು. 2010ರ ಬಳಿಕ ಬಂದ ಬರಗಳಲ್ಲಿ ಕೊಳವೆ ಬಾವಿಗಳು ಬತ್ತಿ, ಮಕ್ಕಳಂತೆ ಸಾಕಿದ್ದ ತೆಂಗಿನ ಮರಗಳು ಸಾವಿರಗಟ್ಟಲೆ ಒಣಗಿ ನಿಂತುವು. ಒಣಗಿದ ಮರವನ್ನು ಹಾಗೆಯೇ ಬಿಟ್ಟರೆ ಎರಡು ಕೇಡುಗಳುಂಟು. ಗಾಳಿಗೆ ಅದು ಯಾವಾಗ ಯಾರ ಮೇಲೆ ಉರುಳುವುದೋ ತಿಳಿಯದು. ಅಲ್ಲದೆ ಕೊಳೆತ ಕಾಂಡದಲ್ಲಿ ಕುರುವಾಯಿ ದುಂಬಿಯು ಮೊಟ್ಟೆಯಿಟ್ಟು ಸಂತತಿಯನ್ನು ಬೆಳೆಸಿ, ಬದುಕಿರುವ ಮರಗಳ ಸುಳಿಗೆ ಬೀಳುವುದು. ಇದರೊಡನೆ ಕೆರೆಯಂಗಳಗಳಿಂದ ಹೊಲಗಳಿಗೆ ನುಗ್ಗುವ ಬಳ್ಳಾರಿ ಜಾಲಿಯ ಕಾಟವೂ ಉಂಟು. ಹೀಗಿರುವಲ್ಲಿ ಮರ ಕೊಯ್ಯುವ ಯಂತ್ರವು ನಮ್ಮವರಿಗೆ ಬೇಕೆನಿಸಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಎಲ್ಲರೂ ಕೊಳ್ಳಬೇಕಾದುದಿಲ್ಲ. ವರ್ಷಕ್ಕೆ ಎರಡು ಮೂರು ಮರಗಳ ಕೆಲಸ ಮಾತ್ರವಿರುವವರು ಯಂತ್ರವುಳ್ಳ ಅನುಭವಸ್ಥನನ್ನು ಕೂಲಿಗೆ ಕರೆಯುವುದೇ ಲೇಸು. ಸುಮ್ಮನೆ ಮೂಲೆಯಲ್ಲಿಟ್ಟ ಯಂತ್ರವು ತಾನಾಗಿಯೇ ಕೆಡುತ್ತದೆ. ಬಿದ್ದ ಮರಗಳ ತುಂಡು, ಸೌದೆ, ಬೇಲಿಯ ಗೂಟ ಎಂದು ತಿಂಗಳು ತಿಂಗಳಿಗೂ ಕೆಲಸವಿರುವ ಮನೆಗೆ ಸ್ವಂತ ಯಂತ್ರವು ಒಪ್ಪುತ್ತದೆ.

ಯಂತ್ರದ ಪೂರ್ವೋತ್ತರ

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತನು 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಸರಪಣಿ ಗರಗಸಗಳನ್ನು ಮಾಡಿದನು. ಆಗ ಅದನ್ನು ಎತ್ತಿ ಹಿಡಿಯುವುದಕ್ಕೆ ಇಬ್ಬರು ಬೇಕಾಗಿದ್ದರು. ಅಮೆರಿಕಾದ ಆರೆಗಾನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು, ಮರದೊಳಗಿನ ಹುಳುವೊಂದು ತನ್ನ ಬಾಗಿದ ದವಡೆಗಳಿಂದ ಎಳೆಯುದ್ದಕ್ಕೂ ಎಳೆಯಡ್ಡಕ್ಕೂ ಲೀಲಾಜಾಲವಾಗಿ ಕೊರೆಯುವುದನ್ನು ಕಂಡು, ಅದೇ ಆಕಾರದ ಹಲ್ಲನ್ನು ಸರಪಣಿಗೆ ಕೂಡಿಸಿ 1947ರಲ್ಲಿ ಮಾರಾಟಕ್ಕೆ ತಂದನು. ಇಂದಿನ ಸರಪಣಿಗಳ ಹಲ್ಲು ಅದರದೇ ಸಂತತಿ. ಮರಕ್ಕೆ ಶತ್ರುವಾದ ಹುಳುವೇ ಮನುಷ್ಯನಿಗೆ ಗುರುವಾಯಿತು!

ಗಾತ್ರವನ್ನು ಗೊತ್ತುಮಾಡುವುದು

ಎಂಜಿನ್ನಿನ ಗಾತ್ರವನ್ನು ‘ಸಿ.ಸಿ.’ ಎಂಬ ಅಳತೆಯಿಂದಲೂ, ಸರಪಣಿ ಸುತ್ತುವ ಉಕ್ಕಿನ ಪಟ್ಟಿಯ, ಎಂದರೆ ಬಾರ್‌ನ, ಉದ್ದವನ್ನು ಅಂಗುಲಗಳಿಂದಲೂ ಹೇಳುವರು. 40ರಿಂದ 50 ಸಿ.ಸಿ. ಎಂಜಿನ್, 16 ಅಥವಾ 18 ಅಂಗುಲದ ಬಾರ್ — ಇದು ಮಧ್ಯಮ ಗಾತ್ರ. ತೆಂಗಿನ ಕಾಂಡವು ಬುಡದ ಉಬ್ಬನ್ನು ಬಿಟ್ಟರೆ ಸಾಮಾನ್ಯವಾಗಿ ಒಂದು ಅಡಿಯ ಆಸುಪಾಸಿನ ದಪ್ಪವಿರುವುದರಿಂದ ಇಷ್ಟು ಧಾರಾಳವಾಗಿ ಸಾಕು. ಅಡಕೆ ಮಾತ್ರವಿರುವ ತೋಟಕ್ಕೆ ಇದಕ್ಕಿಂತ ಸಣ್ಣದೂ ಆದೀತು. ಮೂರಡಿ ದಪ್ಪದ ಹಳೆಯ ಹುಣಸೆಯನ್ನು ಉರುಳಿಸುವುದು ವೃತ್ತಿಯವರ ಕೆಲಸ. ಅದಕ್ಕೆಂದು ಗೃಹಸ್ಥನು ದೊಡ್ಡ ಯಂತ್ರವನ್ನು ಕೊಳ್ಳಬೇಕಾದುದಿಲ್ಲ.

22 ಅಂಗುಲದ ಬಾರ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರುಂಟು. ಎಂಜಿನ್ನಿಗೆ ಬಲ ಸಾಲದಿದ್ದರೆ ಉದ್ದನೆಯ ಬಾರ್ ಮರದಲ್ಲಿ ತೊಡರುತ್ತದೆ. ತೂಕವು ಮೂತಿಗೆ ಬಿದ್ದು ಕೈ ಸೋಲುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿಯೂ ಸಲ್ಲುವ ಮಾತು. ಮಧ್ಯಮ ಗಾತ್ರದ ಯಂತ್ರವೇ ಬಾರ್, ಸರಪಣಿ, ಎಣ್ಣೆಗಳೊಡನೆ ಆರೇಳು ಕಿಲೋಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಅದನ್ನು ಸೊಂಟದೆತ್ತರಕ್ಕೆ ಐದು ನಿಮಿಷ ಹಿಡಿದು ನೋಡಿದರೆ ನಿಮ್ಮ ತೋಳೇ ಉತ್ತರ ಹೇಳುವುದು.

ಹಣ ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆ

ಯಂತ್ರವನ್ನು ನೆಲದ ಮೇಲಿಟ್ಟು ಅಂಗಡಿಯವರಿಂದಲೇ ಚಾಲೂ ಮಾಡಿಸಿರಿ. ಮೊದಲನೆಯದಾಗಿ, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಸರಪಣಿಯು ಅಲ್ಲಾಡದೆ ನಿಂತಿರಬೇಕು. ಎರಡನೆಯದಾಗಿ, ಮುಂಗೈಯ ಮುಂದಿರುವ ತಡೆಯನ್ನು ಮುಂದಕ್ಕೆ ತಳ್ಳಿದೊಡನೆ ಓಡುವ ಸರಪಣಿ ಥಟ್ಟನೆ ನಿಲ್ಲಬೇಕು. ಇದೇ ಚೈನ್ ಬ್ರೇಕು, ಇದಿಲ್ಲದ ಯಂತ್ರವನ್ನು ಪುಕ್ಕಟೆ ಕೊಟ್ಟರೂ ತರಬಾರದು. ಮೂರನೆಯದಾಗಿ, ಹಿಂಬದಿಯ ಹಿಡಿಯ ಮೇಲಿನ ಗುಂಡಿಯನ್ನೂ ಒತ್ತದ ಹೊರತು ವೇಗದ ಕೀಲಿ ಎಳೆಯಲು ಬರಬಾರದು. ನಾಲ್ಕನೆಯದಾಗಿ, ಬಾರ್‌ನ ಮೂತಿಯನ್ನು ಒಂದು ಬಿಳಿಯ ಕಾಗದದ ಮೇಲೆ ತಾಗದಂತೆ ಹಿಡಿದು ವೇಗ ಹೆಚ್ಚಿಸಿದರೆ ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಮೂಡದಿದ್ದರೆ ಸರಪಣಿಗೆ ಎಣ್ಣೆ ಹೋಗುತ್ತಿಲ್ಲವೆಂದು ತಿಳಿಯಿರಿ. ಕೊನೆಯದಾಗಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಬಿಸಿಯಿರುವಾಗಲೇ ಮತ್ತೆ ಚಾಲೂ ಮಾಡಿಸಿರಿ. ಸರಪಣಿ, ಬಾರ್, ಗಾಳಿ ಸೋಸುವ ಫಿಲ್ಟರುಗಳು ನಿಮ್ಮ ತಾಲ್ಲೂಕಿನಲ್ಲಿಯೇ ದೊರೆಯುವುವೇ ಎಂದು ಕೇಳುವುದು ಇವೆಲ್ಲಕ್ಕಿಂತ ಮುಖ್ಯ.

ಹರಿತ ಮತ್ತು ಎಣ್ಣೆ

ಹರಿತವಾದ ಸರಪಣಿಯು ಚಕ್ಕೆಗಳನ್ನುದುರಿಸುತ್ತದೆ. ಮೊಂಡಾದುದು ಹಿಟ್ಟಿನಂಥ ಪುಡಿಯನ್ನು. ಪುಡಿ ಕಂಡೊಡನೆ ಕೆಲಸ ನಿಲ್ಲಿಸಿ ಹಲ್ಲನ್ನು ದುಂಡನೆಯ ಅರದಿಂದ ತೀಡತಕ್ಕದ್ದು. ಅರದ ದಪ್ಪವು ಸರಪಣಿಯ ಅಳತೆಗೆ ಸರಿಯಾಗಿರಬೇಕು. ಕೊಳ್ಳುವಾಗಲೇ ಅದನ್ನೂ ಕೇಳಿ ತನ್ನಿರಿ. ತೆಂಗಿನ ಮರದಲ್ಲಿ ಹೊರಭಾಗವೇ ಗಟ್ಟಿ, ತಿರುಳು ಮೆತು. ಆ ಗಟ್ಟಿ ನಾರು ಹಲ್ಲನ್ನು ಬೇಗನೆ ಸವೆಸುವುದರಿಂದ ತೆಂಗಿನ ತೋಟದವರು ಇನ್ನೊಂದು ಸರಪಣಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು. ಬುಡಕ್ಕೆ ಮೆತ್ತಿದ ಮಣ್ಣನ್ನು ಮೊದಲು ಕೆರೆದು ತೆಗೆಯಿರಿ.

ಇದು ಟೂ ಸ್ಟ್ರೋಕ್ ಎಂಜಿನ್ನಾದುದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಲೀಟರಿಗೆ 20 ಮಿಲಿಲೀಟರೋ 40 ಮಿಲಿಲೀಟರೋ ಎಂಬುದನ್ನು ಯಂತ್ರದೊಡನೆ ಬರುವ ಪುಸ್ತಕವನ್ನು ಓದಿಯೇ ನಿರ್ಧರಿಸಿರಿ. ಈಗಿನ ಪೆಟ್ರೋಲಿನಲ್ಲಿ ತೇವವನ್ನು ಹೀರುವ ಎಥೆನಾಲ್ ಬೆರೆತಿರುತ್ತದೆ. ಬೆರಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಕಾಲ ಇಡಬಾರದು. ಯಂತ್ರವನ್ನು ಒಳಗಿಡುವ ಮುನ್ನ ಟ್ಯಾಂಕನ್ನು ಬರಿದುಮಾಡಿರಿ.

ಪ್ರಾಣರಕ್ಷಣೆ

ಸರಪಣಿಯು ಸೆಕೆಂಡಿಗೆ ಸುಮಾರು 20 ಮೀಟರು ವೇಗದಲ್ಲಿ ಓಡುತ್ತದೆ. ಬಾರ್‌ನ ಮೂತಿಯ ಮೇಲ್ಭಾಗವು ಏನನ್ನಾದರೂ ತಾಗಿದರೆ ಯಂತ್ರವು ಹಿಡಿದವನ ಮುಖದ ಕಡೆಗೆ ಒದೆಯುವುದು. ಆದುದರಿಂದ ಎರಡೂ ಕೈಗಳಿಂದ, ಹೆಬ್ಬೆರಳು ಸುತ್ತಿ ಹಿಡಿಯಬೇಕು. ಭುಜಕ್ಕಿಂತ ಮೇಲೆ ಎತ್ತಬಾರದು. ಏಣಿಯ ಮೇಲೆ ನಿಂತು ಕೊಯ್ಯಲೇಬಾರದು. ಪಂಚೆಯುಟ್ಟು, ಬರಿಗಾಲಿನಲ್ಲಿ ಈ ಕೆಲಸಕ್ಕೆ ಇಳಿಯುವುದು ಸಾಹಸವಲ್ಲ, ಅವಿವೇಕ. ಗಟ್ಟಿ ಬೂಟು, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಸರಪಣಿಯನ್ನು ತಡೆಯುವ ಷರಾಯಿ — ಇವುಗಳ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕತಕ್ಕದ್ದು. ಮರ ಉರುಳಿಸುವಾಗ ಅದರ ಎತ್ತರದ ಎರಡರಷ್ಟು ದೂರದೊಳಗೆ ಮಕ್ಕಳೂ ದನಗಳೂ ಇರಕೂಡದು. ವಿದ್ಯುತ್ ತಂತಿಯ ಬಳಿಯ ಮರವನ್ನು ಬೆಸ್ಕಾಂ ಕಚೇರಿಗೆ ತಿಳಿಸದೆ ಮುಟ್ಟಬಾರದು.

ಇನ್ನು ಕಾಯಿದೆಯ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಲ್ಲಿ ತೆಂಗು, ನೀಲಗಿರಿ, ಸರ್ವೆಗಳಂಥ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಮಿಕ್ಕ ಮರಗಳ ವಿಷಯದಲ್ಲಿ, ಅವು ನಮ್ಮ ಹಿತ್ತಲಿನವೇ ಆಗಿದ್ದರೂ, ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲು ವಿಚಾರಿಸಿ ಮುಂದುವರಿಯತಕ್ಕದ್ದು.

ಮರವು ಬೆಳೆಯಲು ವರ್ಷಗಳು ಬೇಕು. ಈ ಯಂತ್ರಕ್ಕೆ ಅದನ್ನು ಕೆಡಹಲು ನಿಮಿಷಗಳು ಸಾಕು. ಸುಲಭವಾಯಿತೆಂದು ಹಸುರು ಮರಕ್ಕೆ ಕೈಹಾಕದೆ, ಒಣಗಿದುದನ್ನು ಮಾತ್ರ ಇಳಿಸಿ, ಆ ತಾವಿನ ಪಕ್ಕದಲ್ಲಿ ಮುಂಗಾರಿಗೆ ಒಂದು ಸಸಿಯನ್ನು ನೆಡುವ ಮನೆಯಲ್ಲಿ ಈ ಗರಗಸವು ನಿಜವಾಗಿ ಗೃಹೋಪಯೋಗಿಯಾಗುವುದು.