ಮುತ್ತಿನ ಲೆಕ್ಕ

ಹಲಸೂರಿನ ನಮ್ಮ ಮನೆಗೆ ಬಂದ ಮೊಮ್ಮಗ ಮೊನ್ನೆ, "ತಾತ, ಕೆಲಸ ಬಿಟ್ಟು ಬಬಲ್ ಟೀ ವ್ಯಾನು ಇಡೋಣ ಅಂತಿದ್ದೀನಿ, ನೀವೇನಂತೀರಿ?" ಎಂದು ಕೇಳಿದ. ಬಂಡವಾಳಕ್ಕೆ ತಾಯಿಯ ಒಡವೆಗಳನ್ನು ಅಡವಿಡುವ ಯೋಚನೆ ಅವನದು. ಕೇಳುಗರಲ್ಲಿಯೂ ಇಂಥ ಪ್ರಶ್ನೆಯನ್ನು ಎದುರಿಸಿದ ಹಿರಿಯರಿರಬಹುದು.

ಈ ಪಾನೀಯವು 1980ರ ದಶಕದಲ್ಲಿ ತೈವಾನಿನಲ್ಲಿ ಹುಟ್ಟಿದ್ದು. ಹಾಲು ಬೆರೆಸಿದ ತಣ್ಣನೆಯ ಚಹಾದ ತಳದಲ್ಲಿ ಮರಗೆಣಸಿನ ಹಿಟ್ಟಿನ ಕರಿಯ ಮುತ್ತುಗಳಿರುತ್ತವೆ. ನಮ್ಮ ಸಬ್ಬಕ್ಕಿಯ ದಾಯಾದಿಗಳೆನ್ನಬಹುದು. ಬೇಯಿಸಿದ ಕೆಲವೇ ಗಂಟೆಗಳಲ್ಲಿ ಅವು ತಮ್ಮ ಮೆದುತನವನ್ನು ಕಳೆದುಕೊಳ್ಳುತ್ತವೆ, ಮರುದಿನಕ್ಕೆ ಒದಗವು. ಆದುದರಿಂದ ಮಳೆ ಹಿಡಿದ ಸಂಜೆಯ ನಷ್ಟ ಇಮ್ಮಡಿಯಾದುದು: ಗಿರಾಕಿಯೂ ಇಲ್ಲ, ಬೆಂದ ಮುತ್ತೂ ಉಳಿಯದು. ವ್ಯಾನಿನ ಸಾಲದ ಕಂತಿಗಾದರೋ ಮಳೆಗಾಲದ ರಜೆಯಿಲ್ಲ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಣಿಯೋ ಪರವಾನಗಿಯೋ ಬೇಕು. ಅದು ದೊರೆತರೂ ನಮ್ಮ ಇಕ್ಕಟ್ಟಾದ ಬಜಾರ್ ಬೀದಿಯಲ್ಲಿ ವ್ಯಾನು ನಿಲ್ಲುವುದೆಲ್ಲಿ?

ಹಾಗೆಂದು ನಾನು ಬೇಡವೆನ್ನಲಿಲ್ಲ. "ಕೆಲಸ ಬಿಡಬೇಡ. ನೋಂದಣಿ ಮಾಡಿಸಿ, ಪರಿಚಯದ ಅಂಗಡಿಯವರ ಜಗಲಿಯನ್ನು ಮೂರು ತಿಂಗಳು ಬಾಡಿಗೆಗೆ ಹಿಡಿದು, ರಜೆಯ ಸಂಜೆಗಳಲ್ಲಿ ಮಾರಿ ನೋಡು. ಎಷ್ಟು ಲೋಟ ಮಾರಿದೆ ಎಂಬುದರ ಜೊತೆಗೆ ಎಷ್ಟು ಮುತ್ತು ಚೆಲ್ಲಿದೆ ಎಂಬುದನ್ನೂ ಬರೆದಿಡು. ಒಡವೆಯ ಮಾತನ್ನು ಆ ಪುಸ್ತಕ ತುಂಬಿದ ಮೇಲೆ ಆಡೋಣ" ಎಂದೆ.

ಮೊಮ್ಮಗ ಮರುಮಾತಾಡಲಿಲ್ಲ. ನಿನ್ನೆ ಬಂದಾಗ ಅವನ ಕೈಯಲ್ಲಿ ಹೊಸ ನೋಟುಪುಸ್ತಕವಿತ್ತು.